ಎರಡು ಉದ್ದ, ಒಂದು ಗಿಡ್ಡ

ಸಕ್ರೆಬೈಲಿನ ತಿರುವಿನಲ್ಲಿ,
ಆನೆಗಳು ಮಿಂದು ದಡ ಹತ್ತುವ ಹೊತ್ತಿಗೆ,
ಗಾಡಿ ಎರಡು ಸಲ ಬಿಕ್ಕಿತು.
ಮೀಟರಿನ ಮೂಲೆಯಲ್ಲೊಂದು ಹಳದಿ ದೀಪ,
ಹುಣಸೆ ಬೀಜದಷ್ಟು,
ಹತ್ತಿಕೊಂಡದ್ದು ಆರಲೇ ಇಲ್ಲ.
ಹೆಗಲ ಚೀಲದಲ್ಲಿ ಆ ದಿನದ ಪಿಗ್ಮಿ, ನೂರ ಹದಿನಾಲ್ಕು ರಸೀದಿ,
ಮಂಡಗದ್ದೆಯ ಮೀನಿನವಳ ಒದ್ದೆ ನೋಟುಗಳೂ ಸೇರಿ.

‘ಯಾವುದೋ ಸೆನ್ಸರ್ ಹೋಗಿದೆ, ನಾಲ್ಕೂವರೆ ಆಗ್ಬಹುದು’
ಅಂದ ಬಿ.ಎಚ್. ರಸ್ತೆಯ ಹುಡುಗ,
ಸೀಟು ಬಿಚ್ಚದೆ, ಬಗ್ಗದೆ,
ಜಾತಕ ನೋಡುವ ಮೊದಲೇ ಕುಜದೋಷ ಅಂದ ಹಾಗೆ.
ಯಾವ ಸೆನ್ಸರ್?
‘ಬಿಟ್ಟು ಹೋಗಿ ಸಾರ್.’
ಬಿಡಲಿಲ್ಲ.

ರಾತ್ರಿ, ಸೀಗೆಹಟ್ಟಿ, ಬಾಡಿಗೆ ಮನೆಯ ಮೆಟ್ಟಿಲ ಅಡಿ.
ಸೀಟಿನ ಕೆಳಗೆ ಕೆಂಪು ಮುಚ್ಚಳದ ಸಾಕೆಟ್ಟು;
ಅದರ ಎರಡು ತೂತಿಗೆ ಒಂದು ತುಂಡು ವೈರು ಸಿಕ್ಕಿಸಿ
ಕೀ ತಿರುಗಿಸಿದರೆ
ದೀಪ ತಾನೇ ಬಾಯಿಬಿಡುತ್ತದೆ ಎಂದು ಓದಿದ್ದೆ.
ಉದ್ದ ಮಿನುಗಿಗೆ ಹತ್ತು. ಗಿಡ್ಡಕ್ಕೆ ಒಂದು.
ಬಿಟ್ಟಿತು ಬಾಯಿ.
ದಿನಕ್ಕೆ ಮೂವತ್ತು ಸಾವಿರ ಎಣಿಸುವವನು ನಾನು,
ಮೂರು ಸಲ ತಪ್ಪಿದೆ.
ಉದ್ದ ಮೊದಲೋ, ಗಿಡ್ಡ ಮೊದಲೋ,
ಮಾತು ಶುರುವಾಗುವುದೆಲ್ಲಿ, ಅದು ಉಸಿರೆಳೆಯುವುದೆಲ್ಲಿ?
ಹನ್ನೆರಡಾದರೆ ಒಂದು ರೋಗ,
ಇಪ್ಪತ್ತೊಂದಾದರೆ ಇನ್ನೊಂದು.

‘ಏನೋ ಅದು, ನಿನ್ನ ಗಾಡಿ ಆಗಿಂದ ಜೀ, ಜೀ ಅಂತಿದೆ?’
ಮೆಟ್ಟಿಲ ಮೇಲೆ ಮನೆ ಓನರ್ ಹೀರಾಬಾಯಿ,
ಕೈಯಲ್ಲಿ ಒಗೆದ ಸೀರೆ, ಕಣ್ಣು ದೀಪದ ಮೇಲೆ.
ಸದ್ದೇ ಇಲ್ಲವಲ್ಲ ಅಮ್ಮ?
‘ಸದ್ದಲ್ಲ ಕಣೋ, ಅಕ್ಷರ. ಇಂಗ್ಲಿಷಿನ ಜಿ.
ಎರಡು ಉದ್ದ, ಒಂದು ಗಿಡ್ಡ.’
ಬೆರಳು ಕಂಬಿಯ ಮೇಲೆ ಬಡಿಯುತ್ತಿತ್ತು,
ಕಟ್ಟು ಕಟ್ಟು ಕಡ,
ಕಟ್ಟು ಕಟ್ಟು ಕಡ.
ಮೂವತ್ತೊಂದು ವರ್ಷ ತಂತಿ ಕಚೇರಿಯಲ್ಲಿ ಕೂತ ಬೆರಳು.

ಇಪ್ಪತ್ತೊಂದು. ಆಮ್ಲಜನಕದ ಸೆನ್ಸರು.
ಹೊಗೆಯನ್ನು ಮೂಸಿ ಎಂಜಿನ್ನಿಗೆ ಚಾಡಿ ಹೇಳುವ ಮೂಗು.

ಆಕೆ ಹೋಗಲಿಲ್ಲ. ಸೀರೆ ಕಂಬಿಗೆ ಹಾಕಿ ಮೆಟ್ಟಿಲಲ್ಲೇ ಕೂತರು.
‘ಮೂಗು ಸತ್ತಿದೆಯೋ, ಮೂಗಿನಿಂದ ಬರೋ ಲೈನೋ?
ಆಗುಂಬೆ ಲೈನ್ ಸತ್ತಾಗ ನಾವು ಮೊದಲು ಯಂತ್ರ ಬಿಚ್ತಿರಲಿಲ್ಲ.
ಅರ್ಧ ದಾರಿಯಿಂದ ಕರೆದು ನೋಡೋದು. ಓಗೊಟ್ರೆ ಆ ಅರ್ಧ ಸರಿ.
ಆಮೇಲೆ ಉಳಿದರ್ಧದ ಅರ್ಧ.
ಮೌನ ಯಾವ ಕಂಬದಿಂದ ಶುರುವೋ, ಲೈನ್‌ಮನ್‌ನ ಅಲ್ಲಿಗೆ ಓಡಿಸೋದು.’

ಮುನ್ನೂರು ರೂಪಾಯಿಯ ಮಲ್ಟಿಮೀಟರ್,
ಒಂದು ಕಡ್ಡಿ ಸೆನ್ಸರಿನ ಬುಡಕ್ಕೆ, ಇನ್ನೊಂದು ನಡುವಿನ ಕನೆಕ್ಟರಿಗೆ:
ಕೂ ಅಂದಿತು.
ಕನೆಕ್ಟರಿನಿಂದ ಟ್ಯಾಂಕಿನ ಕೆಳಗಿನ ತಿರುವಿಗೆ:
ಸುಮ್ಮನೆ.
ಇನ್ನೂ ಈಚೆಗೆ. ಸುಮ್ಮನೆ.
ಟೇಪು ಸುಲಿದೆ. ಅಲ್ಲಿತ್ತು ಆ ಕಂಬ,
ಇಲಿ ಕಡಿದ ಎರಡು ತುದಿ, ಹಸಿರುಗಟ್ಟಿದ ತಾಮ್ರ,
ಪಕ್ಕದಲ್ಲೇ ಗೂಡು,
ನನ್ನವೇ ಹಳೆ ಪಿಗ್ಮಿ ರಸೀದಿಗಳ ಚೂರು, ಮೆತ್ತಗೆ, ಬೆಚ್ಚಗೆ.
ಅದೂ ದಿನಾ ಇಷ್ಟಿಷ್ಟು ಕೂಡಿಟ್ಟಿದೆ.

ಬೆಸುಗೆ ಹಾಕುವಾಗ ಟಾರ್ಚು ಹಿಡಿದವರು ಅವರೇ.
ಬೆಳಕು ಒಂಚೂರೂ ಅಲುಗಲಿಲ್ಲ.
ಕೇಳದಿದ್ದರೂ ಹೇಳಿದರು:
‘ಸಾವಿನ ತಂತಿ ಬಂದರೆ ಊರಿಗಿಂತ ಮೊದಲು ನನಗೆ ಗೊತ್ತು.
ಆದ್ರೆ ಗೊತ್ತಾಗ್ತಿರಲಿಲ್ಲ ಕಣೋ. ಆವಾಗ ಅದು ಬರೀ ಅಕ್ಷರ.
ಬರೆದು, ಮಡಚಿ, ಪೇದೆ ಸೈಕಲ್ ಹತ್ತಿ ಹೋದ ಮೇಲೆ
ಹೆಸರು ಒಂದೊಂದೇ ಮೂಡೋದು.’

ಮತ್ತೆ ಕಡ್ಡಿ ಇಟ್ಟೆ. ಕೂ.
‘ಸಿಕ್ತು ಲೈನು,’ ಅಂದರು, ಯಾರಿಗೋ ವರದಿ ಕೊಟ್ಟ ಹಾಗೆ.
ಹಳೆಯ ದೂರನ್ನು ಅಳಿಸಿ ಕೀ ತಿರುಗಿಸಿದೆ.
ದೀಪ ಒಮ್ಮೆ ಹತ್ತಿ, ಯೋಚಿಸಿ, ಆರಿತು.

‘ಈಗೇನಂತೆ?’
ಏನೂ ಇಲ್ಲ ಅಮ್ಮ. ಸರಿಯಿದ್ದರೆ ಅದು ಮಾತಾಡುವುದಿಲ್ಲ.
‘ಹ್ಞೂಂ,’ ಅಂದರು ಹೀರಾಬಾಯಿ.
ಸೀರೆ ಎತ್ತಿಕೊಂಡು ಎರಡು ಮೆಟ್ಟಿಲು ಹತ್ತಿದವರು ನಿಂತು,
ಸೊಂಟದ ಚೀಲದಿಂದ ಐವತ್ತರ ನೋಟು ತೆಗೆದು ಚಾಚಿದರು:
‘ಇವತ್ತಿನ ಪಿಗ್ಮಿ ತಗೊಂಡಿಲ್ಲ ನೀನು.’

ಗ್ರೀಸಿನ ಕೈಯಲ್ಲೇ ರಸೀದಿ ಬರೆದೆ.
ಹೆಬ್ಬೆಟ್ಟಿನ ಗುರುತು ಬಿದ್ದಿತು, ಸ್ಪಷ್ಟವಾಗಿ.